ವಿಭೂತಿ ಹಚ್ಚಿಸಿಕೊಂಡ ಸಿಡಿ

ನಮ್ಮ ದೇವರ ಮನೆಯಲ್ಲಿ ಒಂದು ಸಿಡಿ ಇದೆ. ಮನೆದೇವರ ಪಟದ ಎಡಕ್ಕೆ, ಊದುಬತ್ತಿಯ ಪೊಟ್ಟಣಕ್ಕೆ ಒರಗಿಕೊಂಡು ನಿಂತಿದೆ. ಹೊಳೆಯುವ ಮಗ್ಗುಲಿಗೆ ಮೂರು ಬೆರಳಿನ ವಿಭೂತಿ, ಅದರ ಮೇಲೊಂದು ಕುಂಕುಮದ ಬೊಟ್ಟು. ಮನೆಗೆ ಬಂದ ನೆಂಟರು ಕೈಮುಗಿದ ಮೇಲೆ ಅದನ್ನೊಮ್ಮೆ ನೋಡಿ, "ಯಾವ ಸ್ವಾಮಿಗಳ ಪ್ರವಚನದ್ದು?" ಎಂದು ಕೇಳುತ್ತಾರೆ. ಭಕ್ತಿಗೀತೆ ಇರಬೇಕೆಂದು ಒಬ್ಬರು ಎರವಲು ಕೇಳಿದ್ದೂ ಉಂಟು. ಅದು ಪ್ರವಚನವೂ ಅಲ್ಲ, ಭಕ್ತಿಗೀತೆಯೂ ಅಲ್ಲ. ಕಂಪ್ಯೂಟರನ್ನು ನಡೆಸುವ ಆಪರೇಟಿಂಗ್ ಸಿಸ್ಟಂ. ಲಿನಕ್ಸ್ ಎಂದು ಕರೆಯುತ್ತಾರಲ್ಲ, ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ಇನ್ನೊಬ್ಬರಿಗೆ ಕೊಡಬಹುದು ಎಂಬಂಥದ್ದು, ಅದರ ಒಂದು ಬಗೆ. ಈ ಸಿಡಿಯಂತೂ ನಮ್ಮ ಕಂಪ್ಯೂಟರಿನಲ್ಲಿ ಒಂದು ನಿಮಿಷವೂ ಓಡಲಿಲ್ಲ. ಆದರೂ ಬೆಳಿಗ್ಗೆ ದೀಪ ಹಚ್ಚುವಾಗ ಅದನ್ನೂ ಸೇರಿಸಿಯೇ ನಾನು ಕೈಮುಗಿಯುವುದು. ಯಾಕೆಂದು ಹೇಳಬೇಕಾದರೆ ಸ್ವಲ್ಪ ಸುತ್ತಿಕೊಂಡು ಬರಬೇಕು. ನೆಟ್ಟಗೆ ಹೇಳುವುದು ನನಗೆ ಬಂದಿಲ್ಲ, ಬೇಕಾದರೆ ನನ್ನ ಮೂರನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ.

ನಾನು ಬೆಳೆದದ್ದು ಚಿಕ್ಕಜಾಜೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಪಾಯಿಂಟ್ಸ್‌ಮನ್, ಅಂದರೆ ಬರುವ ಗಾಡಿಗೆ ಹಳಿ ಬದಲಿಸಿಕೊಡುವವರು. ದಿನವೆಲ್ಲಾ ಕಬ್ಬಿಣದ ಜೊತೆ ಗುದ್ದಾಡಿ ಬಂದರೂ ಸೋಮವಾರ ಸಂಜೆ ಸ್ನಾನ ಮಾಡಿ ಹಾರ್ಮೋನಿಯಂ ಮುಂದೆ ಕುಳಿತರೆಂದರೆ ಬೇರೆಯೇ ಮನುಷ್ಯರಾಗುತ್ತಿದ್ದರು. ಐದಾರು ಜನರ ಭಜನೆ ತಂಡ. ನಮ್ಮ ಮನೆಯ ಟೇಪ್‌ರೆಕಾರ್ಡರಿನಲ್ಲಿ ಒಮ್ಮೆ ಎಲ್ಲರೂ ಕೂಡಿ ಒಂದು ಕ್ಯಾಸೆಟ್ ತುಂಬ ಹಾಡಿದ್ದರು. ಜಂಕ್ಷನ್ನಿನ ಊರಲ್ಲವೇ, ಸಿಳ್ಳೆ ಸೇರದ ಒಂದು ಹಾಡೂ ಅದರಲ್ಲಿರಲಿಲ್ಲ. ಅಪ್ಪನಿಗೋ ಸಿಳ್ಳೆ ಕೇಳಿದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಹಾಡಿನ ನಡುವೆಯೇ, "ದುರ್ಗದ ಗಾಡಿ. ಇವತ್ತು ಅರ್ಧ ಗಂಟೆ ಲೇಟು" ಅನ್ನುತ್ತಿದ್ದರು. ಅದೂ ರೆಕಾರ್ಡ್ ಆಗಿತ್ತು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ಭಾಷಣ ಮಾಡಬೇಕಾಗಿ ಬಂತು. ನನ್ನ ಭಾಷಣ ನನಗೇ ಹೇಗೆ ಕೇಳಿಸುತ್ತದೋ ನೋಡೋಣವೆಂದು ಕೈಗೆ ಸಿಕ್ಕ ಕ್ಯಾಸೆಟ್ ಹಾಕಿ, ಕೆಂಪು ಗುಂಡಿ ಒತ್ತಿ, ಎರಡೂ ಮಗ್ಗುಲು ತುಂಬುವಷ್ಟು ಸಲ ಅಭ್ಯಾಸ ಮಾಡಿದೆ. ಅದು ಯಾವ ಕ್ಯಾಸೆಟ್ ಎಂದು ನೀವು ಊಹಿಸಿಯೇ ಇರುತ್ತೀರಿ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡವ್ವ, ಮುಂದಿನ ಸೋಮವಾರ ಇನ್ನೊಂದ್ಸಲ ಹಾಡಿದ್ರಾತು" ಅಂದರು. ಎಷ್ಟೋ ಸೋಮವಾರಗಳು ಬಂದವು, ಹಾಡುಗಳೂ ಆದವು, ಅಷ್ಟರಲ್ಲಿ ಹರಿದುಹೋದ ಟೇಪಿನ ಬೆಲ್ಟು ಮಾತ್ರ ಸರಿಯಾಗಲಿಲ್ಲ. ನಾನು ಟಿಸಿಎಚ್ ಓದುವಾಗ ಅಪ್ಪ ತೀರಿಕೊಂಡರು. ಆ ಕ್ಯಾಸೆಟ್ ಈಗಲೂ ನನ್ನ ಬಳಿ ಇದೆ. "ಮಾನ್ಯ ಅಧ್ಯಕ್ಷರೇ, ಪೂಜ್ಯ ಗುರುಗಳೇ" ಎಂದು ಕೀರಲು ದನಿಯೊಂದು ಒಂದು ಗಂಟೆ ದೇಶವನ್ನು ಉದ್ಧಾರ ಮಾಡುತ್ತದೆ. ಎರಡನೇ ಮಗ್ಗುಲಿನ ತೀರಾ ಕೊನೆಯಲ್ಲಿ ಭಾಷಣ ಮುಗಿದು, ಅಳಿಸದೆ ಉಳಿದ ಒಂದು ಚೂರು ಬರುತ್ತದೆ: "ಅರ್ಧ ಗಂಟೆ ಲೇಟು." ಅಪ್ಪನ ದನಿ ಅಂತ ನನಗೆ ಉಳಿದಿರುವುದು ಅಷ್ಟೇ.

ಮದುವೆಯಾಗಿ ಹೊಸದುರ್ಗಕ್ಕೆ ಬಂದೆ. ನಮ್ಮತ್ತೆ ಗೌರಮ್ಮನವರಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಪಾತ್ರೆ ಬೆಳಗುವಾಗ, ಸೊಪ್ಪು ಸೋಸುವಾಗ ಒಂದು ಸಾಲು ಹಾಡುತ್ತಿದ್ದರು. ಹಾಡಿ ಸುಮ್ಮನಾಗುತ್ತಿದ್ದರು. ಅಷ್ಟೇ ಹೊತ್ತು ಬಿಟ್ಟು ಇನ್ನೊಂದು ಸಾಲು. ಎಲ್ಲವೂ ಬರೀ ಪ್ರಶ್ನೆಗಳು.

"ಬಾವೀಗೆ ಹೋದೋಳೆ ಬರಿಗೊಡ ಯಾಕ್ ತಂದೆ?"

ಮೌನ.

"ಸಂತೀಗೆ ಹೋದೋಳೆ ಬರಿಗೈಲಿ ಯಾಕ್ ಬಂದೆ?"

ಮತ್ತೆ ಮೌನ. ಮೇಷ್ಟರ ಕೆಲಸದವಳಾದ ನನಗೆ ಪ್ರಶ್ನೆಗೆ ಉತ್ತರ ಬರದಿದ್ದರೆ ಮೈ ಉರಿಯುತ್ತದೆ. ಒಂದು ದಿನ ತಡೆಯಲಾರದೆ, "ಅತ್ತೆ, ಬರಿಗೊಡ ಯಾಕೆ ತಂದ್ಲಂತೆ?" ಎಂದು ಕೇಳಿದೆ.

"ಅದು ನನ್ ಸಾಲಲ್ಲ" ಅಂದರು.

ಯಾರ ಸಾಲು ಎಂಬುದು ಆಮೇಲೆ ನಮ್ಮ ಮನೆಯವರಿಂದ ತಿಳಿಯಿತು. ಇವರದು ಹೊಳಲ್ಕೆರೆ ಕಡೆಯ ಬಿ.ದುರ್ಗದ ಕೂಡು ಕುಟುಂಬ. ಹಿರಿಸೊಸೆ ನಮ್ಮತ್ತೆ, ಕಿರಿಸೊಸೆ ರುದ್ರಮ್ಮ, ನಾನು ಚಿಕ್ಕತ್ತೆ ಅನ್ನುವವರು. ವಾರಗಿತ್ತಿಯರಿಬ್ಬರೂ ಇಪ್ಪತ್ತು ವರ್ಷ ರಾಗಿ ಬೀಸುವ ಕಲ್ಲಿಗೆ ಎದುರುಬದುರು ಕುಳಿತವರು. ಬೀಸುವಾಗ ಈ ಹಾಡು. ಕೇಳುವುದು ಅಕ್ಕನ ಪಾಲು, ಉತ್ತರ ಕೊಡುವುದು ತಂಗಿಯ ಪಾಲು. ತಮ್ಮ ಪಾಲಿನದಲ್ಲದ ಸಾಲನ್ನು ಅವರು ಹಾಡುವುದಿರಲಿ, ಬಾಯಲ್ಲಿ ಆಡುತ್ತಲೂ ಇರಲಿಲ್ಲ. ಎದುರಿಗೆ ಕೂತವಳ ಸಾಲನ್ನು ಕಿತ್ತುಕೊಂಡರೆ ಅವಳ ಕೈಯ ಗೂಟ ಕಿತ್ತುಕೊಂಡಂತೆ ಅಂತ ಅವರ ಲೆಕ್ಕ.

ಮನೆ ಪಾಲಾಯಿತು. ಹೊಲ, ದನ, ಹಂಡೆ, ಕೊಪ್ಪರಿಗೆ ಎಲ್ಲ ತಕರಾರಿಲ್ಲದೆ ಹಂಚಿಹೋಗಿ, ಕೊನೆಗೆ ಬೀಸುವ ಕಲ್ಲಿನ ಹತ್ತಿರ ನಿಂತಿತಂತೆ. "ಅದು ನನ್ ತವರಿನ ಕಲ್ಲು" ಅಂತ ಅತ್ತೆ. "ತವರಿಂದ ಬಂದ್ರೇನು, ಇಪ್ಪತ್ತು ವರ್ಷ ಎಳ್ದೋಳು ನಾನು" ಅಂತ ಚಿಕ್ಕತ್ತೆ. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷವಾಗಿತ್ತು ಎಂಬುದು ಯಾರಿಗೂ ನೆನಪಿಗೆ ಬಂದಂತಿಲ್ಲ. ಮಧ್ಯಾಹ್ನದ ಊಟ ತಪ್ಪಿ ಸಾಕಾದ ಹಿರಿಯರೊಬ್ಬರು, "ಎರಡು ಕಲ್ಲು ಅವಲ್ಲ, ಒಬ್ಬೊಬ್ರು ಒಂದೊಂದು ತಗಳ್ರಿ ಅತ್ಲಾಗೆ" ಎಂದರು. ಅವರು ಅಂದದ್ದು ತಮಾಷೆಗೆ. ಇವರಿಬ್ಬರೂ ತೆಗೆದುಕೊಂಡೇಬಿಟ್ಟರು! ಅಡಿಗಲ್ಲು ನಮ್ಮತ್ತೆಯ ಜೊತೆ ಹೊಸದುರ್ಗಕ್ಕೆ ಬಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಡೆ ಮೆಟ್ಟಿಲಾಯಿತು. ಮೇಲ್ಗಲ್ಲು ಚಿಕ್ಕತ್ತೆಯ ಜೊತೆ ಹಿರಿಯೂರಿಗೆ ಹೋಯಿತು. ಎರಡನ್ನೂ ಹಿಡಿದಿಡುವ ನಡುಗೂಟ ಯಾರ ಪಾಲಿಗೂ ಬರದೆ ಬಿ.ದುರ್ಗದಲ್ಲೇ ಒಲೆಗೆ ಹೋಯಿತಂತೆ. ಅಲ್ಲಿಂದ ಎಂಟು ವರ್ಷ ಇವರಿಬ್ಬರಿಗೂ ಮಾತಿಲ್ಲ. ನೆಂಟರ ಮದುವೆಯಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಎರಡನೆಯದಕ್ಕೆ ಕಾಯುತ್ತಿದ್ದರು.

ನನಗೆ ಆ ಹಾಡು ಪೂರ್ತಿ ಬೇಕಾಗಿತ್ತು. ಒಂದು ಸಲ ಒಂದು ದನಿಯನ್ನು ನನ್ನ ಕೈಯಾರೆ ಅಳಿಸಿದವಳು ನಾನು. ಅರ್ಧ ಹಾಡು ಇಲ್ಲಿ, ಅರ್ಧ ಅಲ್ಲಿ, ಇಬ್ಬರಿಗೂ ಅರವತ್ತು ದಾಟಿದೆ. ಇವರಲ್ಲಿ ಯಾರೊಬ್ಬರು ಹೋದರೂ ಉಳಿಯುವುದು ಬರೀ ಪ್ರಶ್ನೆ, ಇಲ್ಲವೇ ಬರೀ ಉತ್ತರ. ಇಬ್ಬರನ್ನೂ ಒಂದು ಕಡೆ ಕೂರಿಸುವುದು ನನ್ನ ಕೈಲಾಗದ ಮಾತು. ಬೇರೆ ಬೇರೆ ಹಾಡಿಸಿ ಕೂಡಿಸಬಹುದಲ್ಲ?

ಆಗ ಎರಡು ಸಾವಿರದ ಆರೋ ಏಳೋ. ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಹಳೆಯ ಕಂಪ್ಯೂಟರೊಂದು ನಮ್ಮ ಮನೆಗೆ ಬಂದಿತ್ತು. ಅದರೊಳಗಿದ್ದ ಸಿಸ್ಟಂ ಯಾರೋ ಯಾರಿಂದಲೋ ಕದ್ದ ನಕಲು, ಮೈತುಂಬ ವೈರಸ್ಸು. ಆನ್ ಮಾಡಿದರೆ ಜ್ವರ ಬಂದವರ ಹಾಗೆ ಬಡಬಡಿಸಿ ಮಲಗಿಬಿಡುತ್ತಿತ್ತು. ಬಸ್‌ಸ್ಟ್ಯಾಂಡ್ ಹತ್ತಿರ ಖಾದರಣ್ಣನ ಕ್ಯಾಸೆಟ್ ಅಂಗಡಿ. ಚೀಟಿಯಲ್ಲಿ ಹಾಡಿನ ಪಟ್ಟಿ ಬರೆದುಕೊಟ್ಟರೆ ಸಂಜೆಯೊಳಗೆ ಕ್ಯಾಸೆಟ್ ತುಂಬಿಸಿಕೊಡುತ್ತಿದ್ದ ಕಾಲದಿಂದ ಹೊಸದುರ್ಗದ ಅರ್ಧ ಊರಿನ ರುಚಿ ಅವರಿಗೆ ಬಾಯಿಪಾಠ. ಕ್ಯಾಸೆಟ್ ಕಾಲ ಮುಗಿಯುತ್ತಾ ಬಂದಾಗ ಅಳುತ್ತಾ ಕೂರದೆ ಕಂಪ್ಯೂಟರ್ ಕಲಿತರು. ಪತ್ರಿಕೆಗಳ ಜೊತೆ ಬರುತ್ತಿದ್ದ ಲಿನಕ್ಸ್ ಸಿಡಿಗಳನ್ನೆಲ್ಲ ಕೂಡಿಟ್ಟಿದ್ದರು. ಎರಡು ದನಿಗಳನ್ನು ಬೇರೆ ಬೇರೆ ಪಟ್ಟಿಯಲ್ಲಿ, ಅಂದರೆ ಟ್ರ್ಯಾಕಿನಲ್ಲಿ, ಇಟ್ಟು ಕೂಡಿಸುವ ಸಂಗೀತದ ಸಾಫ್ಟ್‌ವೇರು ಬೇಕು ಎಂದು ಹೇಳಿದೆ.

"ಅರೆ, ಅದಕ್ಕೇನ್ ಮೇಡಂ! ಲಿನಕ್ಸ್ ಹಾಕ್ರಿ, ಅದ್ರಾಗೆ ಎಲ್ಲಾ ಐತೆ" ಎಂದು ಮೂರು ಸಿಡಿಗಳನ್ನು ಗಲ್ಲಾದ ಮೇಲೆ ಸಾಲಾಗಿ ಇಟ್ಟರು.

"ಹೊಸಬರಿಗೆ ಸುಲಭವಾಗಿರೋದು ಯಾವುದು ಖಾದರಣ್ಣ?"

"ಮೂರರ ಮೇಲೂ ಹೊಸಬರಿಗೆ ಸುಲಭ ಅಂತ್ಲೇ ಬರ್ದವ್ರೆ."

ನಾನು ಬುದ್ಧಿವಂತೆಯಲ್ಲವೇ? ಸಂಗೀತದವರಿಗೆಂದೇ ಮಾಡಿದ್ದು ಎಂದು ಬರೆದಿದ್ದನ್ನು ಆರಿಸಿದೆ. ರಟ್ಟಿನ ಮೇಲೆ ಗಿಟಾರಿನ ಚಿತ್ರವಿತ್ತು. ಖಾದರಣ್ಣ ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸಿಡಿಯನ್ನು ಚೀಲಕ್ಕೆ ಹಾಕಿಕೊಟ್ಟರು. ಮನೆಗೆ ತಂದು ಹಾಕಿದರೆ ಕಪ್ಪು ಪರದೆ, ಅದರಲ್ಲಿ ಮಿಟುಕುವ ಒಂದು ಬಿಳಿ ಗೆರೆ. ಅದು ಏನನ್ನೋ ಕೇಳುತ್ತಿತ್ತು, ನಾನು ಏನನ್ನೋ ಹೇಳುತ್ತಿದ್ದೆ. ಮೂರು ದಿನ ಹೀಗಾದ ಮೇಲೆ ಹೋಗಿ ಚಿಕ್ಕದೊಂದು ಸಿಸ್ಟಂ ತಂದೆ, ಹಳೆಯ ಕಂಪ್ಯೂಟರಿಗೆ ಹಗುರ ಅಂತ. ಹಗುರವೇನೋ ಹೌದು, ದನಿಗೆ ಸಂಬಂಧಪಟ್ಟದ್ದೆಲ್ಲ ಬಿಟ್ಟು ಹಗುರ ಮಾಡಿದ್ದರು.

ಮೂರನೇ ಸಲ ಹೋದಾಗ ಖಾದರಣ್ಣ ನನ್ನನ್ನು ಆರಿಸಲು ಬಿಡಲಿಲ್ಲ. ತಮ್ಮ ಕಂಪ್ಯೂಟರಿನಿಂದಲೇ ಒಂದು ಸಿಡಿ ತೆಗೆದು ಅದರ ಪ್ರತಿ ಮಾಡುತ್ತಾ ಹೇಳಿದರು: "ಮೇಡಂ, ಯಾವ್ದು ಚಲೋ ಅಂತ ಕೇಳಬ್ಯಾಡ್ರಿ. ಪಕ್ಕದಾಗೆ ಇರೋರು ಯಾವ್ದು ಹಾಕ್ಯಂಡವ್ರೆ ಅಂತ ಕೇಳ್ರಿ. ಇದು ನಾನ್ ಹಾಕ್ಯಂಡಿರೋದು. ಕೆಟ್ರೆ ನಮ್ಮಂಗಡಿ ನಿಮ್ಗೆ ಹತ್ತು ಹೆಜ್ಜೆ. ಹೊಸಬರಿಗೆ ಸುಲಭ ಅಂದ್ರೆ ಅಷ್ಟೇ." ಆಮೇಲೆ ಈ ವಿಷಯದ ಮೇಲೆ ನಾನು ಎಷ್ಟೋ ಓದಿದ್ದೇನೆ. ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಎಲ್ಲೂ ಕಂಡಿಲ್ಲ. ಇನ್ನೊಂದು ಅನುಕೂಲವೂ ಅದಕ್ಕಿತ್ತು: ಕಂಪ್ಯೂಟರಿನೊಳಗೆ ಒಕ್ಕಲು ಹೂಡದೆ, ಸಿಡಿಯಿಂದಲೇ ನೆಂಟರ ಹಾಗೆ ನಾಲ್ಕು ದಿನ ಇದ್ದು ತೋರಿಸುತ್ತಿತ್ತು. ಹೊಂದಿದರೆ ಇಟ್ಟುಕೊಳ್ಳಬಹುದು.

ನಾನು ದುಡ್ಡು ಕೊಡಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. "ನನ್ಗೆ ಯಾರೋ ಸುಮ್ನೆ ಕೊಟ್ರು. ನಾನ್ ನಿಮ್ಗೆ. ನೀವ್ ಇನ್ನೊಬ್ರಿಗೆ ಕೊಡ್ರಿ."

ಮನೆಯಲ್ಲಿ ಅತ್ತೆಗೆ ಇದೇ ಅನುಮಾನ. "ಸುಮ್ನೆ ಕೊಡ್ತಾರಂತಾ? ಕೊಟ್ರೆ ಅವ್ರ್ ಹತ್ರ ಕಮ್ಮಿ ಆಗಲ್ವೇನೆ?"

"ಇಲ್ಲ ಅತ್ತೆ. ಎಷ್ಟು ಜನಕ್ಕೆ ಕೊಟ್ಟರೂ ಅವರದು ಅವರ ಹತ್ತಿರ ಹಾಗೇ ಇರುತ್ತೆ."

"ಹಂಗಾರೆ ಹೆಪ್ಪು ಅನ್ನು. ಪಕ್ಕದ ಮನೇಲಿ ಒಂದ್ ಚಮಚ ಇಸ್ಕಂಡು ಬಂದು ಹಾಲಿಗೆ ಹಾಕದು. ಬೆಳಿಗ್ಗೆ ನಮ್ಮನೇಲೂ ಮೊಸರು, ಅವ್ರ ಮನೇಲೂ ಮೊಸರು."

ಹೀಗೆ ಸುಮ್ಮನೆ ಹಂಚಿಕೊಳ್ಳುವ ಈ ಓಪನ್ ಸೋರ್ಸ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ಇದನ್ನೇ ಹೇಳುವುದು.

ಮಾರನೆಯ ದಿನ ಆಯುಧಪೂಜೆ. ನಾನು ಶಾಲೆಯ ಪೂಜೆ ಮುಗಿಸಿ ಬರುವಷ್ಟರಲ್ಲಿ ಅತ್ತೆ ಮನೆಯ ಕುಡುಗೋಲು, ಈಳಿಗೆಮಣೆ, ನಮ್ಮ ಮನೆಯವರ ಸ್ಕೂಟರು, ಕಂಪ್ಯೂಟರು ಎಲ್ಲಕ್ಕೂ ವಿಭೂತಿ ಎಳೆದು ಹೂವು ಮುಡಿಸಿದ್ದರು. ಹೊಸದಾಗಿ ಬಂದ ಸಿಡಿಯನ್ನು ಬಿಡಲಾದೀತೇ? ಹೊಳೆಯುವ ಕಡೆಯೇ ಮುಖ ಎಂದು ತೀರ್ಮಾನಿಸಿ, ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಧಾರಾಳವಾಗಿ ಬಳಿದಿದ್ದರು. ನಾನು ಸೆರಗಲ್ಲಿ ಒರೆಸಿ, ಉಜ್ಜಿ, ಇನ್ನಷ್ಟು ಗೀರು ಮಾಡಿ ಕಂಪ್ಯೂಟರಿಗೆ ಹಾಕಿದೆ. ಅದು ಗರಗರ ಎಂದು ನಾಲ್ಕು ಸಲ ತಿರುಗಿ ಬಾಯಿ ತೆರೆದು ಸಿಡಿಯನ್ನು ಹೊರಗೆ ಹಾಕಿತು. ಅಳು ಬಂದಂತಾಗಿ ಖಾದರಣ್ಣನ ಅಂಗಡಿಗೆ ಹೋದರೆ ಅವರು ಸಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕು, "ಪೂಜೆ ಜೋರಾಗೈತೆ ಮೇಡಂ. ಇದ್ನ ದೇವ್ರ್ ಹತ್ರಾನೇ ಇಡ್ರಿ, ನಿಮ್ಗೆ ಇನ್ನೊಂದು ಮಾಡ್ಕೊಡ್ತೀನಿ" ಎಂದರು. ಅತ್ತೆ ಅಕ್ಷರಶಃ ಹಾಗೇ ಮಾಡಿದರು. ಅಳಿಸಿದ ವಿಭೂತಿಯನ್ನು ಮತ್ತೆ ಹಚ್ಚಿದರು.

ಎರಡನೇ ಸಿಡಿ ಓಡಿತು. ಆದರೆ ದನಿ ಬರಲಿಲ್ಲ. ಎರಡು ದಿನ ವೈರು ಕಿತ್ತು, ಹಾಕಿ, ಸ್ಪೀಕರಿಗೆ ಎರಡೇಟು ಕೊಟ್ಟೂ ನೋಡಿದೆ. ಖಾದರಣ್ಣ ಅಂಗಡಿಗೆ ಬೀಗ ಹಾಕಿ ಬಂದು, ಒಂದು ಸಣ್ಣ ಕಿಟಕಿ ತೆರೆದು, ಒಂದು ಚೌಕದ ಮೇಲೆ ಕ್ಲಿಕ್ ಮಾಡಿದರು. ಸಿಸ್ಟಂ ಮಾಡಿದವರು ದನಿಯನ್ನು ಮೊದಲಿನಿಂದಲೇ ಬಂದ್ ಮಾಡಿಟ್ಟಿದ್ದರಂತೆ. ಅವರು ಒಂದು ಲೋಟ ಚಹಾ ಕುಡಿದು ಹೋದರು. ಇವತ್ತಿಗೂ ಕಂಪ್ಯೂಟರು ಮಾತಾಡದಿದ್ದರೆ ನಾನು ಮೊದಲು ಆ ಚೌಕ ನೋಡುತ್ತೇನೆ.

ಇನ್ನು ಅತ್ತೆಯನ್ನು ಹಾಡಿಸುವುದು. "ಕಲ್ಲಿಲ್ದೆ ಬೀಸೋ ಪದ ಹೇಳಾಕಾಗ್ತೈತೇನೆ?" ಎಂದು ಮೊದಲು ಒಪ್ಪಲೇ ಇಲ್ಲ. ಕೊನೆಗೆ ಹಿತ್ತಲಿನ ಅಡಿಗಲ್ಲನ್ನು ಒಳಗೆ ತಂದಿಟ್ಟೆವು. ಬರಿಗಲ್ಲಿನ ಮುಂದೆ ಹಾಡಬಾರದೆಂದು ಅದರ ಮೇಲೆ ಒಂದು ಹಿಡಿ ರಾಗಿ ಹಾಕಿ, ಗಾಳಿಯಲ್ಲಿ ಬಲಗೈ ತಿರುಗಿಸುತ್ತಾ ಹಾಡಿದರು. ಪ್ರಶ್ನೆ, ಬಿಡುವು, ಪ್ರಶ್ನೆ, ಬಿಡುವು. ಕೊನೆಯ ಪ್ರಶ್ನೆ ನಾನು ಅದುವರೆಗೆ ಕೇಳಿರದಿದ್ದದ್ದು: "ತವರೀಗೆ ಹೋದೋಳೆ ತಡವಾಗಿ ಯಾಕ್ ಬಂದೆ?" ಅಷ್ಟು ಹೇಳಿ ಎದ್ದು ಹೋದರು.

ಅವರ ಸಾಲುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಒಂದು ವಾಕ್‌ಮನ್, ಒಂದು ಟೇಪ್‌ರೆಕಾರ್ಡರ್ ಚೀಲಕ್ಕೆ ಹಾಕಿಕೊಂಡು ಭಾನುವಾರ ಹಿರಿಯೂರಿನ ಬಸ್ಸು ಹತ್ತಿದೆ. ಅತ್ತೆಗೆ ಹೇಳಿದ್ದು ಶಾಲೆಯ ಮೀಟಿಂಗು ಅಂತ.

"ಬಾರಮ್ಮ, ಬಾ. ನಿಮ್ಮತ್ತೆ ಕಳ್ಸಿದ್ಲೇನು?" ಅಂದರು ಚಿಕ್ಕತ್ತೆ ಬಾಗಿಲಲ್ಲೇ.

"ಇಲ್ಲ ಚಿಕ್ಕತ್ತೆ, ನಾನೇ ಬಂದೆ."

ಅವರ ಮುಖ ಚೂರು ಇಳಿಯಿತು. ಅಡುಗೆಮನೆಯಲ್ಲಿ ಮೇಲ್ಗಲ್ಲು ಉಪ್ಪಿನಕಾಯಿ ಭರಣಿಯ ಮುಚ್ಚಳಕ್ಕೆ ಭಾರವಾಗಿ ಕೂತಿತ್ತು. ಅದಕ್ಕೂ ಒಂದು ಕುಂಕುಮದ ಬೊಟ್ಟು. ಕಾಫಿ ಕೊಡುವಾಗ ಅವರು ಲೋಟವನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಸುಮ್ಮನೆ ತಾಗಿಸಿದ್ದು ಕಂಡಿತು. ಮಣಿಕಟ್ಟು ಸೊಟ್ಟಗಿತ್ತು. ಹೋದ ಮಳೆಗಾಲ ಬಚ್ಚಲಲ್ಲಿ ಜಾರಿ ಬಿದ್ದು ಮುರಿದಿತ್ತಂತೆ. ನಾಟಿ ಕಟ್ಟು ಹಾಕಿಸಿದ್ದು ಸರಿಯಾಗಿ ಕೂಡಿರಲಿಲ್ಲ.

"ಗೌರಕ್ಕಂಗೆ ಹೇಳಬ್ಯಾಡ. ನನ್ ಮೇಲಾಣೆ" ಅಂದರು. ನಾನು ಹೂಂ ಅಂದೆ.

ವಾಕ್‌ಮನ್ನಿನ ಹೆಡ್‌ಫೋನ್ ಅವರ ಕಿವಿಗಿಟ್ಟೆ. ಆ ಕಡೆಯವರ ಪ್ರಶ್ನೆಗೆ ತಾನ್ಯಾಕೆ ಉತ್ತರ ಕೊಡಬೇಕು ಎಂದು ಶುರು ಮಾಡಿದವರು ಮೊದಲ ಸಾಲಿಗೇ ಕಣ್ಣರಳಿಸಿ, "ಅಯ್ಯೋ, ಗೌರಕ್ಕನ ದನಿಗೆ ವಯಸ್ಸಾತಲ್ಲೇ!" ಅಂದರು. ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಶುರು ಮಾಡಿದೆ. ಈ ಸಲ ಅವರ ಬಾಯಿ ತಾನಾಗಿ ತೆರೆಯಿತು.

"ಬಾಯಾರಿದ ಕರುವೀಗೆ ಬಗ್ಗಿಸಿ ಬಂದೆ."

ಬರಿಗೊಡ ಯಾಕೆ ಎಂದು ಐದಾರು ವರ್ಷದಿಂದ ಕಾದಿದ್ದವಳು ನಾನು. ಸಂತೆಯಿಂದ ಬರಿಗೈಲಿ ಯಾಕೆ ಬಂದಳು? "ಹಾದೀಲಿ ಹಸಿದೋರಿಗೆ ಹಂಚಿ ಬಂದೆ." ಹೀಗೇ ಒಂದೊಂದಾಗಿ ಎಲ್ಲ ಹೇಳಿದರು. ಕೊನೆಯ ಪ್ರಶ್ನೆ ಬಂತು. ಚಿಕ್ಕತ್ತೆ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡು, "ಅದು ಮರ್ತೈತೆ" ಎಂದರು.

ಮನೆಗೆ ಬಂದು ಎರಡೂ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಎರಡು ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿದೆ. ಎರಡು ಟೇಪುಗಳ ಓಟ ಬೇರೆ ಬೇರೆಯಾದ್ದರಿಂದ ಒಂದೊಂದು ಉತ್ತರವನ್ನೂ ಕತ್ತರಿಸಿ, ಜರುಗಿಸಿ, ರವಿಕೆಯ ತೋಳು ಕೂಡಿಸಿದಂತೆ ಕೂಡಿಸಬೇಕಾಯಿತು. ಎಷ್ಟು ಕೂಡಿಸಿದರೂ ಏನೋ ಕುಂಟುತ್ತಿತ್ತು. ಅತ್ತೆಯ ಸಾಲಿನ ಲಯಕ್ಕೆ ಚಿಕ್ಕತ್ತೆಯ ಸಾಲು ಕೂರುತ್ತಿರಲಿಲ್ಲ. ಲಿನಕ್ಸಿನಲ್ಲಿ ದನಿ ತಡವಾಗುವುದುಂಟು ಎಂದು ಎಲ್ಲೋ ಓದಿದ್ದೆ. ಒಂದು ವಾರ ಪೂರ್ತಿ ಸೆಟ್ಟಿಂಗು ಬದಲಿಸಿದೆ. ಇಂಥ ಸಿಸ್ಟಂ ಆರಿಸಿಕೊಂಡೆನಲ್ಲ ಎಂದು ಬೈದುಕೊಂಡೆ. ಅದನ್ನು ಮಾಡಿಕೊಟ್ಟ ಪುಣ್ಯಾತ್ಮರನ್ನೂ ಮನಸ್ಸಿನಲ್ಲೇ ಬೈದೆ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಖಾದರಣ್ಣ ಬಂದು ಕಣ್ಣು ಮುಚ್ಚಿ ಕೇಳಿದರು. "ಸಿಸ್ಟಂ ಬಿಲ್ಕುಲ್ ಸರಿ ಐತೆ ಮೇಡಂ. ಮಶೀನ್ ಲೇಟಾದ್ರೆ ಸಾಲು ಪೂರ್ತಿ ಲೇಟಾಗ್ಬೇಕು. ಇಲ್ಲಿ ಸಾಲು ಟೈಮಿಗೇ ಶುರುವಾಗ್ತೈತೆ, ಒತ್ತು ಮಾತ್ರ ಬೇರೆ ಜಾಗದಾಗೆ ಬೀಳ್ತೈತೆ. ಇದು ಮಶೀನಿಂದಲ್ಲ, ಹಾಡಿದೋರ್ದು."

ಅವರು ಹೋದ ಮೇಲೆ ಇನ್ನೊಮ್ಮೆ ಹಾಕಿದೆ. ಅತ್ತೆ ಅಡುಗೆಮನೆಯಲ್ಲಿದ್ದಾರೆ ಎಂಬುದು ಮರೆತೇಹೋಗಿತ್ತು. ತಿರುಗಿ ನೋಡಿದರೆ ಬಾಗಿಲ ಬಳಿ ನೆಲಕ್ಕೆ ಕುಳಿತಿದ್ದಾರೆ, ಬಲಗೈ ಗಾಳಿಯಲ್ಲಿ ಸುತ್ತುತ್ತಿದೆ. ಮೂರನೇ ಉತ್ತರಕ್ಕೆ ಕೈ ನಿಂತಿತು.

"ನಿಲ್ಸು ಅದ್ನ. ಅವ್ಳ ಬಲಗೈಗೆ ಏನಾಗೈತೆ?"

"ಏನಿಲ್ಲ ಅತ್ತೆ..."

"ಸುಳ್ಳಾಡಬ್ಯಾಡ. ಇಪ್ಪತ್ತು ವರ್ಷ ಎದುರಿಗೆ ಕುಂತೀನಿ. ಕೈ ಎಳ್ದಾಗ ಉಸ್ರು ಎಲ್ಲಿ ಬೀಳ್ತೈತೆ ಅಂತ ನನ್ಗೊತ್ತಿಲ್ವೇನೆ? ಅವ್ಳು ಎಡಗೈಲಿ ಎಳೀತಾ ಅವ್ಳೆ."

ನನಗೆ ಆಗ ನೆನಪಾಯಿತು. ಹಾಡುವಾಗ ಚಿಕ್ಕತ್ತೆಯೂ ಗಾಳಿಯಲ್ಲಿ ಕೈ ತಿರುಗಿಸುತ್ತಿದ್ದರು, ಎಡಗೈ. ನಾನು ಒಂದು ವಾರದಿಂದ ಸರಿಮಾಡಲು ಹೊರಟಿದ್ದ ತಪ್ಪು ಒಂದು ಮುರಿದ ಮಣಿಕಟ್ಟು. ಆಣೆ ಮುರಿದು ಎಲ್ಲ ಹೇಳಿದೆ. ಅತ್ತೆ ಉಳಿದದ್ದನ್ನು ಹಾಕು ಎಂದು ಕೈಸನ್ನೆ ಮಾಡಿದರು. ಕೊನೆಯ ಪ್ರಶ್ನೆ ಬಂದು, ಅದರ ಮುಂದೆ ಬರೀ ಟೇಪಿನ ಸುಯ್ ಎಂಬ ಸದ್ದು.

"ಅದು ಮರೆತುಹೋಗಿದೆಯಂತೆ" ಎಂದೆ.

"ಅದು ಮರಿಯೋ ಸಾಲಲ್ಲ" ಅಂದರು.

ಮರುದಿನ ಬೆಳಿಗ್ಗೆ ಅಡಿಗಲ್ಲು ಸೀಗೆಪುಡಿ ಹಾಕಿ ತೊಳೆಸಿಕೊಂಡು ಗೋಣಿಚೀಲದಲ್ಲಿ ಕೂತಿತ್ತು. ಪಕ್ಕದಲ್ಲಿ ಎರಡು ಸೇರು ರಾಗಿಯ ಗಂಟು. "ಶಾಲೆಗೆ ರಜಾ ಬರಿ. ಹಿರಿಯೂರಿಗೆ ಹೋಗಾಣ" ಎಂದರು ಅತ್ತೆ. ನಮ್ಮ ಮನೆಯವರು ಏದುಸಿರು ಬಿಡುತ್ತಾ ಚೀಲವನ್ನು ಬಸ್ಸಿಗೇರಿಸಿದರು. ಕಂಡಕ್ಟರು, "ಏನಜ್ಜಿ ಇದ್ರಾಗೆ, ಕಲ್ಲೈತೇನು?" ಎಂದು ನಗೆಯಾಡಿದ. ಅತ್ತೆ ಬಲು ಗಂಭೀರವಾಗಿ, "ಹೂಂ ಕಣಪ್ಪ" ಎಂದರು.

ಚಿಕ್ಕತ್ತೆ ಬಾಗಿಲಲ್ಲಿ ನಿಂತುಬಿಟ್ಟರು. ನಾನು ಅಳು, ಅಪ್ಪುಗೆ ಏನೋ ನಡೆಯುತ್ತದೆಂದು ಕಾದೆ. ಅತ್ತೆ ಮೆಟ್ಟಿಲ ಕೆಳಗೆ ನಿಂತೇ, "ಕೈ ತೋರ್ಸು" ಎಂದರು. ಚಿಕ್ಕತ್ತೆ ತೋರಿಸಿದರು. ಅತ್ತೆ ಹಿಡಿದು, ತಿರುಗಿಸಿ ನೋಡಿ, "ಯಾರೇ ಕಟ್ಟಿದ್ದು ಇದ್ನ? ಬೇಲಿ ಗೂಟ ಕಟ್ಟಿದಂಗೆ ಕಟ್ಯಾನೆ" ಎಂದರು.

"ನೀನಿದ್ದಿದ್ರೆ ನೀನೇ ಕಟ್ತಿದ್ದೆ" ಅಂದರು ಚಿಕ್ಕತ್ತೆ.

ಆಮೇಲೆ ಇಬ್ಬರಿಗೂ ನಾನು ಅಲ್ಲಿರುವುದು ಮರೆತುಹೋಯಿತು. ಭರಣಿಯ ಮೇಲಿನ ಕಲ್ಲು ಇಳಿಯಿತು. ಜಾಲಿಕೊರಡು ಕೆತ್ತಿ ಹೊಸ ನಡುಗೂಟ ಮಾಡಿಸಿದ್ದಾಯಿತು. ಎಡಗೈಗೆ ಅನುಕೂಲವಾಗುವಂತೆ ಜಾಗ ಅದಲುಬದಲು ಮಾಡಿಕೊಂಡು ಕುಳಿತರು. "ನೀನ್ ಸುಮ್ನೆ ಕೈ ಇಟ್ಟಿರು, ನಾನ್ ಎಳೀತೀನಿ" ಎಂದು ಅತ್ತೆ ರಾಗಿ ಹಾಕಿದರು. ನಾನು ಟೇಪ್‌ರೆಕಾರ್ಡರನ್ನು ಇಬ್ಬರ ನಡುವೆ ಇಟ್ಟು, ಕೆಂಪು ಗುಂಡಿ ಒತ್ತಿ, ಕ್ಯಾಸೆಟ್ ಹೊಸದೇ ಎಂದು ಮೂರು ಸಲ ನೋಡಿಕೊಂಡೆ.

ಹಾಡು ನಡೆಯಿತು. ಬಾವಿಯಾಯಿತು, ಸಂತೆಯಾಯಿತು. ಕೊನೆಗೆ ಅತ್ತೆ ಕಲ್ಲಿನಿಂದ ಕಣ್ಣೆತ್ತದೆ ಕೇಳಿದರು.

"ತವರೀಗೆ ಹೋದೋಳೆ ತಡವಾಗಿ ಯಾಕ್ ಬಂದೆ?"

ಕಲ್ಲು ಎರಡು ಸುತ್ತು ಬರಿದೇ ತಿರುಗಿತು.

"ಬಾಗ್ಲಾಗೆ ನಿಂತಿದ್ದೆ, ಬಾ ಅನ್ನಲಿ ಅಂತ."

ಅತ್ತೆ ಕಲ್ಲು ನಿಲ್ಲಿಸಲಿಲ್ಲ. ಇನ್ನೊಂದು ಹಿಡಿ ರಾಗಿ ಹಾಕಿದರು.

ಕಲ್ಲು ಹಿರಿಯೂರಿನಲ್ಲೇ ಉಳಿಯಿತು. ಪಕ್ಕದ ಬೀದಿಯಲ್ಲೇ ಗಿರಣಿಯಿದ್ದರೂ ತಿಂಗಳಿಗೊಮ್ಮೆ "ರಾಗಿ ಬೀಸ್ಕಂಡು ಬತ್ತೀನಿ" ಎಂದು ಅತ್ತೆ ಬಸ್ಸು ಹತ್ತುತ್ತಿದ್ದರು. ಆ ಮೊದಲ ದಿನದ ಹಿಟ್ಟನ್ನು ಖಾಲಿ ಸಿಡಿಗಳು ಬರುತ್ತವಲ್ಲ, ಆ ದುಂಡನೆ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, "ಖಾದರಪ್ಪನ ಮನೆಗೆ ಕೊಟ್ಟು ಬಾ. ಹೆಪ್ಪು ಕೊಟ್ಟೋರು" ಎಂದು ಕಳಿಸಿದರು. ಡಬ್ಬಿಯನ್ನು ಬರಿದಾಗಿ ವಾಪಸ್ ಕಳಿಸಬಾರದಲ್ಲ, ಖಾದರಣ್ಣನ ಮನೆಯವರು ಅದರಲ್ಲಿ ಖರ್ಜೂರ ತುಂಬಿ ಕಳಿಸಿದರು. ನಾವು ಬರಿದಾಗಿ ಕಳಿಸಲು ಆಗುತ್ತದೆಯೇ? ಆ ಡಬ್ಬಿ ಈಗಲೂ ಎರಡು ಮನೆಗಳ ನಡುವೆ ಓಡಾಡುತ್ತಲೇ ಇದೆ. ಆ ಸಿಸ್ಟಮ್ಮನ್ನು ನಾನು ಎಷ್ಟೋ ಶಾಲೆಗಳ ಮೇಷ್ಟರಿಗೆ ಪ್ರತಿ ಮಾಡಿ ಕೊಟ್ಟಿದ್ದೇನೆ. ಅದನ್ನು ಬರೆದವರು ಯಾವ ದೇಶದವರೋ, ಎಷ್ಟು ಜನವೋ ನನಗೆ ಗೊತ್ತಿಲ್ಲ. ಅವರ ಮನೆಗಳಿಗೆ ಕಳಿಸಲು ನನ್ನ ಹತ್ತಿರ ಡಬ್ಬಿಯಿಲ್ಲ. ಅದಕ್ಕೇ ದೇವರ ಮನೆಯಲ್ಲಿ ಕೈಮುಗಿಯುವುದು.

ಆವತ್ತಿನ ರೆಕಾರ್ಡಿಂಗು ಏನಾಯಿತು ಎನ್ನುತ್ತೀರಾ? ಸಂಜೆ ಹಿರಿಯೂರಿನಲ್ಲೇ ಕೂತು ಹಾಕಿ ನೋಡಿದೆ. ಘರ್ ಘರ್ ಎಂದು ಮೊದಲಿನಿಂದ ಕೊನೆಯವರೆಗೆ ಬರೀ ಕಲ್ಲಿನ ಸದ್ದು. ಮೈಕಿನ ಮುಂದೆಯೇ ಬೀಸುವ ಕಲ್ಲಿಟ್ಟುಕೊಂಡರೆ ಇನ್ನೇನಾಗುತ್ತದೆ? ಒಂದು ಪದವೂ ಇಲ್ಲ, ಕೊನೆಯ ಉತ್ತರವಂತೂ ಇಲ್ಲವೇ ಇಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಎರಡನೇ ಸಲವೂ ಇದೇ ಹಣೆಬರಹವೇ ಎಂದು ಅತ್ತೆಯ ಮುಂದೆ ಅತ್ತೇಬಿಟ್ಟೆ. ಇನ್ನೊಮ್ಮೆ ಬೇರೆ ಕಡೆ ಕೂತು ಹಾಡಿ ಎಂದು ಬೇಡಿಕೊಂಡೆ.

ವಾರಗಿತ್ತಿಯರಿಬ್ಬರೂ ಒಂದೇ ಮೊರವನ್ನು ಆ ಕಡೆ ಈ ಕಡೆ ಹಿಡಿದು ಹಿಟ್ಟು ಕೇರುತ್ತಿದ್ದರು. ಅತ್ತೆ ನನ್ನ ಕಡೆ ನೋಡಿ, ಹಿಟ್ಟಿನ ಕೈಯಲ್ಲೇ ನನ್ನ ಕೆನ್ನೆ ಒರೆಸಿದರು.

"ಕೇಳಿಸ್ದಿದ್ರೆ ಬಿಡೆ, ಹಿಟ್ಟು ಬಿತ್ತಲ್ಲ."